ಡೊಳ್ಳಿಗೆ ತಾಲೀಮು ಉಂಟು, ಹೊರುವ ಮೈಗೆ?

ಗದಗಿನ ಸಂಗೀತ ಎಂದರೆ ಮಾತು ತಾನಾಗಿ ವೀರೇಶ್ವರ ಪುಣ್ಯಾಶ್ರಮದ ಕಡೆಗೆ, ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ಕಡೆಗೆ, ಭೀಮಸೇನ ಜೋಶಿಯವರ ಕಡೆಗೆ ಹೊರಳುತ್ತದೆ. ಹೊರಳಲೇಬೇಕು. ಆದರೆ ಈ ಜಿಲ್ಲೆಯ ಇನ್ನೊಂದು ಸಂಗೀತ ಕುಳಿತು ನುಡಿಸುವಂಥದ್ದಲ್ಲ, ಹೊತ್ತು ನುಡಿಸುವಂಥದ್ದು. ಗದಗಿನ ತೋಂಟದಾರ್ಯ ಮಠದ ಜಾತ್ರೆಯಿರಲಿ, ಶಿರಹಟ್ಟಿಯ ಫಕ್ಕೀರೇಶ್ವರ ಮಠದ ಜಾತ್ರೆಯಿರಲಿ, ಮುಂಡರಗಿ–ಲಕ್ಷ್ಮೇಶ್ವರ ಸೀಮೆಯ ಹಳ್ಳಿಗಳ ಬೀರದೇವರ ಉತ್ಸವವಿರಲಿ, ಡೊಳ್ಳು ಅಥವಾ ಕರಡಿ ಮಜಲು ಇಲ್ಲದಿದ್ದರೆ ಮೆರವಣಿಗೆಗೆ ಕಳೆ ಬರುವುದಿಲ್ಲ. ಈ ವಾದ್ಯಗಾರರ ಪದಗಳನ್ನು ಸಂಗ್ರಹಿಸಿದವರಿದ್ದಾರೆ, ಅವರ ಕೈಚಳಕವನ್ನು ಮೆಚ್ಚಿ ಬರೆದವರಿದ್ದಾರೆ. ಅವರ ಸೊಂಟ, ಮೊಣಕಾಲು, ಉಸಿರಿನ ಬಗ್ಗೆ ಮಾತು ಅಪರೂಪ. ದೊಡ್ಡ ವಾದ್ಯ ನುಡಿಸುವವರಿಗೆ ವಾದ್ಯದ ಅಭ್ಯಾಸದ ಜೊತೆಗೆ ಮೈಯ ತಾಲೀಮೂ ಬೇಕು. ಅದನ್ನು ಕಲಾವಿದರ ಸ್ವಂತ ವಿಚಾರವೆಂದು ಬಿಟ್ಟುಬಿಡದೆ ಕಲಿಕೆಯೊಳಗೇ ಸೇರಿಸಬೇಕು ಎಂಬುದು ನನ್ನ ವಾದ.

ಡೊಳ್ಳಿನ ಭಾರವನ್ನೇ ನೋಡೋಣ. ಮರದ ದೊಡ್ಡ ಕಳಸಿಗೆ ಎರಡೂ ಕಡೆ ಚರ್ಮ ಬಿಗಿದ ಡೊಳ್ಳು ಸಾಮಾನ್ಯವಾಗಿ 10ರಿಂದ 15 ಕಿಲೋ ತೂಗುತ್ತದೆ. ತೂಕಕ್ಕಿಂತ ಅದು ತೂಗುವ ಜಾಗ ಮುಖ್ಯ. ಇಷ್ಟೇ ಭಾರದ ಚೀಲವನ್ನು ಬೆನ್ನಿಗೆ ಹಾಕಿಕೊಂಡರೆ ನಡೆಯಬಹುದು. ಡೊಳ್ಳು ಹೊಟ್ಟೆಯ ಮುಂದೆ ಜೋತಾಡುತ್ತದೆ. ಪಟ್ಟಿ ಹೆಗಲನ್ನು ಮುಂದಕ್ಕೆ ಎಳೆಯುತ್ತದೆ, ಸಮತೋಲಕ್ಕಾಗಿ ಸೊಂಟ ಹಿಂದಕ್ಕೆ ಬಾಗುತ್ತದೆ, ಬೆನ್ನಿನ ಕೆಳಭಾಗದ ಸ್ನಾಯುಗಳು ಬಿಡುವಿಲ್ಲದೆ ಬಿಗಿದುಕೊಂಡಿರುತ್ತವೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಯ ಅಂಗೈ. ಹಾಗಾಗಿ ಎರಡು ಭುಜಗಳ ಕೆಲಸ ಒಂದೇ ಅಲ್ಲ. ಇದರ ಮೇಲೆ ಕುಣಿತ: ಮಂಡಿ ಮಡಿಸಿ ಕುಕ್ಕರಿಸುವುದು, ಗಿರಕಿ ಹೊಡೆಯುವುದು, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಂತು ಬಾರಿಸುವುದು. ನಡುವೆ ಪದ ಬಂದರೆ ಏದುಸಿರು ಕೇಳಿಸದ ಹಾಗೆ ದನಿ ಎತ್ತಬೇಕು. ಅದೂ ಏಪ್ರಿಲ್–ಮೇ ತಿಂಗಳ ಬಿಸಿಲಲ್ಲಿ, ಡಾಂಬರು ರಸ್ತೆಯ ಮೇಲೆ.

ದಣಿವು ಮೊದಲು ಕಾಣಿಸಿಕೊಳ್ಳುವುದು ಲಯದಲ್ಲಿ. ಸ್ನಾಯು ಸೋತಾಗ ಕೈ ಏಳುವುದು ಒಂದು ಕ್ಷಣ ತಡವಾಗುತ್ತದೆ. ಅದನ್ನು ಸರಿದೂಗಿಸಲು ಮುಂದಿನ ಪೆಟ್ಟನ್ನು ಅವಸರದಲ್ಲಿ ಬಾರಿಸುವುದಾಗುತ್ತದೆ. ಹತ್ತು ಹನ್ನೆರಡು ಡೊಳ್ಳುಗಳು ಕೂಡಿ ನುಡಿಯುವಾಗ ಇಂಥ ಎರಡು ಕೈಗಳಿದ್ದರೆ ಸಾಕು, ಇಡೀ ಮೇಳದ ಪೆಟ್ಟು ಚದುರುತ್ತದೆ. ಹೃದಯಕ್ಕೂ ಶ್ವಾಸಕೋಶಕ್ಕೂ ಪಳಗುವಿಕೆ ಇದ್ದರೆ ಕುಣಿತದಿಂದ ಪದಕ್ಕೆ ಬರುವ ಅಲ್ಪ ಬಿಡುವಿನಲ್ಲೇ ನಾಡಿ ಬೇಗ ಇಳಿಯುತ್ತದೆ. ಮೈ ಬಿಸಿಲನ್ನು ತಾಳುವ ಶಕ್ತಿಯೂ ಹೆಚ್ಚುತ್ತದೆ. ಆದ್ದರಿಂದ ಆರೋಗ್ಯಕ್ಕಿಂತ ಮೊದಲು ಇದು ಸಂಗೀತದ ಗುಣಮಟ್ಟದ ಪ್ರಶ್ನೆ.

ವೈದ್ಯಕೀಯ ಆಧಾರ ಹೆಚ್ಚಾಗಿ ಪಾಶ್ಚಾತ್ಯ ವಾದ್ಯವೃಂದಗಳಿಂದ ಬಂದದ್ದು. ಅಮೆರಿಕದ ಆರ್ಕೆಸ್ಟ್ರಾಗಳ ಎರಡು ಸಾವಿರಕ್ಕೂ ಹೆಚ್ಚು ವಾದಕರ ಸಮೀಕ್ಷೆಯೊಂದು 1988ರಲ್ಲಿ ಪ್ರಕಟವಾಯಿತು. ನುಡಿಸುವುದಕ್ಕೇ ಅಡ್ಡಿಯಾಗುವಷ್ಟು ತೀವ್ರವಾದ ತೊಂದರೆ ಒಂದಾದರೂ ಇದೆ ಎಂದವರು ಅದರಲ್ಲಿ ಶೇ 76. ಆಸ್ಟ್ರೇಲಿಯಾದ ಬ್ರಾನ್ವೆನ್ ಆ್ಯಕರ್‌ಮನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಪ್ರಯೋಗ ನಮಗೆ ಇನ್ನೂ ಉಪಯುಕ್ತ. ಸಂಗೀತ ವಿದ್ಯಾರ್ಥಿಗಳ ಒಂದು ಗುಂಪಿಗೆ ಆರು ವಾರ ಬಲ ಹೆಚ್ಚಿಸುವ ವ್ಯಾಯಾಮ, ಇನ್ನೊಂದಕ್ಕೆ ತಾಳಿಕೆ ಹೆಚ್ಚಿಸುವ ವ್ಯಾಯಾಮ ಕೊಟ್ಟರು. ನುಡಿಸುವಾಗಿನ ಆಯಾಸ ಹೆಚ್ಚು ಇಳಿದದ್ದು ತಾಳಿಕೆಯ ಗುಂಪಿಗೆ. ಭಾರ ಎತ್ತಿ ತೋಳು ಉಬ್ಬಿಸುವುದಕ್ಕಿಂತ ಹಗುರ ಶ್ರಮವನ್ನು ಹೆಚ್ಚು ಹೊತ್ತು ಮಾಡುವ ರೂಢಿ ವಾದಕರಿಗೆ ಒದಗುತ್ತದೆ ಎಂದಾಯಿತು. ಪಿಟೀಲು, ಚೆಲ್ಲೋ ನುಡಿಸುವವರಿಗೂ ಡೊಳ್ಳಿನವರಿಗೂ ಏನು ಸಂಬಂಧ ಎನ್ನಬಹುದು. ಕುರ್ಚಿಯ ಮೇಲೆ ಕುಳಿತು ನುಡಿಸುವವರ ಸ್ಥಿತಿಯೇ ಹೀಗಿರುವಾಗ, ಭಾರ ಹೊತ್ತು ಕುಣಿಯುವವರಿಗೆ ತಾಳಿಕೆಯ ಅಗತ್ಯ ಇನ್ನೂ ಹೆಚ್ಚೇ ಹೊರತು ಕಡಿಮೆಯಲ್ಲ.

'ಕುಣಿತವೇ ವ್ಯಾಯಾಮವಲ್ಲವೇ, ಅದರ ಮೇಲೆ ಇನ್ನೊಂದೇಕೆ?' ಎಂಬುದು ಸಹಜ ಆಕ್ಷೇಪ. ಶ್ರಮವಂತೂ ಹೌದು. ಬ್ಲಾಂಡಿ ಎಂಬ ರಾಕ್ ತಂಡದ ಡ್ರಮ್ ವಾದಕ ಕ್ಲೆಮ್ ಬರ್ಕ್ ಅವರನ್ನು ಬ್ರಿಟನ್ನಿನ ವಿಜ್ಞಾನಿಗಳು ವರ್ಷಗಟ್ಟಲೆ ಪರೀಕ್ಷಿಸಿದಾಗ, ಕಾರ್ಯಕ್ರಮದ ವೇಳೆ ಅವರ ನಾಡಿಬಡಿತ ನಿಮಿಷಕ್ಕೆ ಸರಾಸರಿ 140–150ರಷ್ಟಿದ್ದು, ಕೆಲವೊಮ್ಮೆ 190ರವರೆಗೆ ಏರುತ್ತಿತ್ತು. ಅದು ವೃತ್ತಿಪರ ಫುಟ್‌ಬಾಲ್ ಆಟಗಾರರ ಶ್ರಮಕ್ಕೆ ಸಮ ಎಂದರು. ಆದರೆ ಫುಟ್‌ಬಾಲ್ ಆಟಗಾರ ಬರೀ ಪಂದ್ಯ ಆಡುತ್ತಾ ಪಂದ್ಯಕ್ಕೆ ಸಜ್ಜಾಗುವುದಿಲ್ಲ. ಮೇಲಾಗಿ ನಮ್ಮ ಮೇಳಗಳ ಕೆಲಸ ಹಂಗಾಮಿನದು. ಶ್ರಾವಣದಲ್ಲಿ, ಜಾತ್ರೆಗಳ ಕಾಲದಲ್ಲಿ ಮೇಲಿಂದ ಮೇಲೆ ಕರೆ. ನಡುವೆ ತಿಂಗಳುಗಟ್ಟಲೆ ಡೊಳ್ಳು ಗೂಟಕ್ಕೆ. ಸುಮ್ಮನಿದ್ದ ಮೈಗೆ ಒಮ್ಮೆಲೇ ಇಡೀ ರಾತ್ರಿಯ ದುಡಿಮೆ ಬಿದ್ದಾಗಲೇ ನೋವು ಶುರುವಾಗುವುದು. ಕುಣಿತ ಎಲ್ಲ ಸ್ನಾಯುಗಳನ್ನೂ ಸಮನಾಗಿ ದುಡಿಸುವುದೂ ಇಲ್ಲ. ದುಡಿದದ್ದೇ ದುಡಿಯುತ್ತದೆ, ಉಳಿದದ್ದು ಸೊರಗುತ್ತದೆ.

'ನಮ್ಮ ಹಿರಿಯರು ಯಾವ ಕಸರತ್ತು ಮಾಡಿದ್ದರು?' ಎಂದು ಕೇಳುವವರಿಗೆ ಉತ್ತರ: ಬೇಕಾದಷ್ಟು ಮಾಡಿದ್ದರು. ರಂಟೆ ಹೊಡೆದು, ಕುರಿಯ ಹಿಂದೆ ಹರದಾರಿಗಟ್ಟಲೆ ನಡೆದು, ಕಾಳಿನ ಚೀಲ ಹೊತ್ತು ಬೆಳೆದ ಮೈಗಳವು. ಅನೇಕ ಊರುಗಳಲ್ಲಿ ಗರಡಿಮನೆ ಇತ್ತು. ಸಾಮು, ಬಸ್ಕಿ, ಸಂಗ್ರಾಣಿ ಕಲ್ಲು ಹರೆಯದ ಹುಡುಗರ ಪಾಲಿಗೆ ದಿನಚರಿ. ಇಂದು ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ, ಹುಡುಗರು ಅಂಗಡಿಯಲ್ಲೋ ಬೈಕಿನ ಮೇಲೋ ಇರುತ್ತಾರೆ. ಡೊಳ್ಳು ಮಾತ್ರ ಹಗುರವಾಗಿಲ್ಲ. ಇನ್ನೊಂದು ಮಾತು. ಎಪ್ಪತ್ತರಲ್ಲೂ ಬಾರಿಸುವ ಹಿರಿಯರನ್ನು ತೋರಿಸಿ ನಾವು ಹೆಮ್ಮೆಪಡುತ್ತೇವೆ. ಸೊಂಟನೋವಿನಿಂದ ನಲವತ್ತಕ್ಕೇ ಡೊಳ್ಳು ಕೆಳಗಿಟ್ಟವರು ಮೆರವಣಿಗೆಯಲ್ಲಿ ಇರುವುದಿಲ್ಲವಾದ್ದರಿಂದ ಲೆಕ್ಕಕ್ಕೆ ಸಿಗುವುದಿಲ್ಲ.

ದೇಹದ ತಾಲೀಮನ್ನು ಕಲೆಯೊಳಗೇ ತಂದವರ ಉದಾಹರಣೆ ಜಪಾನಿನಲ್ಲಿದೆ. ಸಾಡೊ ದ್ವೀಪದಲ್ಲಿ ನೆಲೆಸಿದ್ದ ಒಂದೆಕೋಝಾ ಎಂಬ ನಗಾರಿ ತಂಡದವರು ದೂರದ ಓಟವನ್ನೇ ತರಬೇತಿಯ ತಳಹದಿ ಮಾಡಿಕೊಂಡಿದ್ದರು. 1975ರಲ್ಲಿ ಬಾಸ್ಟನ್ ಮ್ಯಾರಥಾನ್ ಓಡಿ ಮುಗಿಸಿ, ಅಲ್ಲೇ ನಗಾರಿ ಬಾರಿಸಿದರು. ಅಷ್ಟು ಕಟ್ಟುನಿಟ್ಟು ನಮಗೆ ಬೇಡ. ಅದರಲ್ಲಿ ಸ್ವಲ್ಪ ಪ್ರದರ್ಶನದ ಹುಕಿಯೂ ಇದೆ. ವಾರಕ್ಕೆ ನಾಲ್ಕು ದಿನ ಅರ್ಧ ತಾಸು ಬಿರುಸು ನಡಿಗೆ ಅಥವಾ ನಿಧಾನ ಓಟ, ಬಸ್ಕಿ, ಹೊಟ್ಟೆ–ಬೆನ್ನುಗಳನ್ನು ಗಟ್ಟಿಮಾಡುವ ಸಾಮು, ಹೊರುವ ಮುನ್ನ ಹತ್ತು ನಿಮಿಷ ಮೈ ಬಿಸಿಮಾಡಿಕೊಳ್ಳುವುದು, ಇಷ್ಟರಿಂದ ಶುರುಮಾಡಬಹುದು. ಲಕ್ಷ್ಮೇಶ್ವರ, ಶಿರಹಟ್ಟಿಗಳಿಗೆ ದೂರವಲ್ಲದ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ತರಬೇತಿ ಶಿಬಿರಗಳು ಪಾಠದ ಕಾಲು ಭಾಗವನ್ನು ಇದಕ್ಕೆ ಮೀಸಲಿಟ್ಟು, ಒಬ್ಬ ದೈಹಿಕ ಶಿಕ್ಷಕರನ್ನು ಕರೆಸಿದರೆ ದೊಡ್ಡ ಖರ್ಚೇನೂ ಆಗದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ದಿನವಿಡೀ ಕೂಲಿ ಮಾಡಿ ಸಂಜೆ ಡೊಳ್ಳು ಹೊರುವವರಿಗೆ 'ಓಡು, ಬಸ್ಕಿ ಹೊಡೆ' ಎನ್ನುವುದು ಹೊಟ್ಟೆ ತುಂಬಿದವರ ಉಪದೇಶ. ಒಪ್ಪಲೇಬೇಕಾದ ಮಾತು. ದಣಿದ ಮೈಗೆ ಬೇಕಾದದ್ದು ಇನ್ನಷ್ಟು ದುಡಿಮೆಯಲ್ಲ, ನಿದ್ದೆ ಮತ್ತು ಊಟ. ಅಂಥವರ ಮಟ್ಟಿಗೆ ಹೊಣೆ ಕರೆಸಿದವರ ಮೇಲಿದೆ. ಮೈಲುಗಟ್ಟಲೆ ಮೆರವಣಿಗೆಯಲ್ಲಿ ಅವರು ಒಂದೇ ಸಮನೆ ಬಾರಿಸಬೇಕೆಂದು ಬಯಸುವುದನ್ನು ಬಿಡಬೇಕು. ಎರಡು ಸರದಿಯಾಗುವಷ್ಟು ಜನರಿಗೆ ಸಂಭಾವನೆ ಕೊಡಬೇಕು. ಮಂತ್ರಿಗಳು ಬರುವುದು ತಡವಾದರೆ ಡೊಳ್ಳನ್ನು ಕೆಳಗಿಳಿಸಿ ನೆರಳಲ್ಲಿ ಕೂರಲು ಬಿಡಬೇಕು, ಕುಡಿಯಲು ನೀರು ಕೊಡಬೇಕು. ಈಗೀಗ ಹೆಣ್ಣುಮಕ್ಕಳ ಮೇಳಗಳೂ, ಶಾಲಾ ಮಕ್ಕಳ ಮೇಳಗಳೂ ಕಟ್ಟಿಕೊಳ್ಳುತ್ತಿವೆ. ಅವರಿಗೂ ದೊಡ್ಡ ಗಂಡಾಳಿನ ಅಳತೆಯ ಡೊಳ್ಳನ್ನೇ ಹೊರಿಸಿ, ಪಟ್ಟಿಗೆ ಒಂದು ಗಂಟು ಹಾಕಿ ಸರಿಮಾಡುವುದನ್ನಾದರೂ ಈ ಹಂಗಾಮಿನಿಂದಲೇ ನಿಲ್ಲಿಸಬಹುದು. ಚಿಕ್ಕ ಡೊಳ್ಳಿಗೆ ನಾದ ಕಡಿಮೆ ಎಂಬ ತಕರಾರು ಬರುತ್ತದೆ. ಬಂದರೆ ಬರಲಿ, ನಾದ ಸಾಲದಿದ್ದರೆ ಇನ್ನಿಬ್ಬರನ್ನು ಮೇಳಕ್ಕೆ ಸೇರಿಸಿಕೊಳ್ಳಬಹುದು.