ಆರು ಮಾರ್ಕ್ಸಿನ ಇಬ್ಬರು ಮಕ್ಕಳು

ಸರ್ಕಾರಿ ಶಾಲೆ ಮಕ್ಕಳಿಗೆ ಕಳೆಯೋ ಲೆಕ್ಕ ಬರಲ್ಲ ಅಂತ ವರ್ಷಕ್ಕೊಮ್ಮೆ ಪೇಪರಲ್ಲಿ ಬರುತ್ತೆ. ನಾವೂ ವರ್ಷಕ್ಕೊಮ್ಮೆ ನಿಟ್ಟುಸಿರು ಬಿಡ್ತೀವಿ. ಪರೀಕ್ಷೆ ಬಿಗಿ ಮಾಡ್ಬೇಕು ಅಂತ ಒಬ್ಬರು, ಪರೀಕ್ಷೆಯೇ ಬೇಡ ಅಂತ ಇನ್ನೊಬ್ಬರು. ನನ್ನ ತಕರಾರು ಬೇರೆ. ನಮ್ಮಲ್ಲಿ ಪರೀಕ್ಷೆಗಳಿಗೆ ಬರವಿಲ್ಲ, ಮಕ್ಕಳು ಏನೇನು ಕಲೀಬೇಕು ಅನ್ನೋ ಪಟ್ಟಿಗಳಿಗೂ ಬರವಿಲ್ಲ. ಮಗು ಬರೆದ ಉತ್ತರವನ್ನ ನಾಲ್ಕು ಜನ ಮೇಷ್ಟ್ರುಗಳು ಒಟ್ಟಿಗೆ ಕೂತು ಓದೋದಕ್ಕೆ ಹೊತ್ತಿಲ್ಲ, ಅಷ್ಟೇ.

ನಾನು ಶಿಕ್ಷಣ ತಜ್ಞ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಶಿವಮೊಗ್ಗದವನು, ಇಂಜಿನಿಯರಿಂಗ್ ಓದಿ ಕೋಡ್ ಬರೆದು ಹೊಟ್ಟೆ ಹೊರೆಯೋನು. ಆದ್ರೆ ನಮ್ಮ ಚಿಕ್ಕಮ್ಮ ಭದ್ರಾವತಿ ಕಡೆ ಪ್ರಾಥಮಿಕ ಶಾಲೆ ಟೀಚರ್. ಊರಿಗೆ ಹೋದಾಗೆಲ್ಲ ಅವರ ಉತ್ತರಪತ್ರಿಕೆಗಳ ಕಟ್ಟು ಕೆದಕೋದು ನನಗೊಂದು ಚಟ :-)

ಮೂರನೇ ಕ್ಲಾಸಿನ ಕಳೆಯೋ ಲೆಕ್ಕ ತಗೊಳ್ಳಿ. ಹತ್ತು ಲೆಕ್ಕ, ಇಬ್ಬರು ಮಕ್ಕಳು, ಇಬ್ಬರಿಗೂ ಆರು ಮಾರ್ಕ್ಸು. ಒಬ್ಬಳು ಅವಸರದಲ್ಲಿ ಅಲ್ಲಲ್ಲಿ ಎಡವಿದ್ದಾಳೆ, ಒಂದು ತಪ್ಪಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಇನ್ನೊಬ್ಬ ಬರೆದಿರೋದು ನೋಡಿ: 52ರಲ್ಲಿ 38 ಕಳೆದರೆ 26. 71ರಲ್ಲಿ 46 ಕಳೆದರೆ 35. 400ರಲ್ಲಿ 125 ಕಳೆದರೆ 325. ಇವನು ಎಡವಿಲ್ಲ ಸ್ವಾಮಿ, ನಿಯಮ ಪಾಲಿಸಿದ್ದಾನೆ! ಯಾವ ಸ್ಥಾನದಲ್ಲೇ ಆಗಲಿ, ದೊಡ್ಡದರಿಂದ ಚಿಕ್ಕದನ್ನ ಕಳಿ, ಮೇಲೆ ಯಾವುದಿದೆ ಕೆಳಗೆ ಯಾವುದಿದೆ ನೋಡಬೇಡ. ದಶಕ ರಹಿತ ಲೆಕ್ಕ ಆರೂ ಸರಿ, ದಶಕ ಸಹಿತ ಲೆಕ್ಕ ನಾಲ್ಕೂ ತಪ್ಪು. ಮೊದಲನೆಯವಳಿಗೆ "ನಿಧಾನ ಮಾಡು ಪುಟ್ಟಿ" ಅಂದರೆ ಸಾಕು. ಎರಡನೆಯವನಿಗೆ ಕಡ್ಡಿಕಟ್ಟು ಕೊಟ್ಟು, ಒಂದು ಹತ್ತು ಬಿಚ್ಚಿದರೆ ಹತ್ತು ಬಿಡಿ ಆಗುತ್ತೆ ಅನ್ನೋದನ್ನ ಕೈಯಲ್ಲಿ ಮಾಡಿಸಬೇಕು. ಸ್ಯಾಟ್ಸ್ ತಂತ್ರಾಂಶಕ್ಕೆ ಮಾತ್ರ ಇಬ್ಬರೂ ಆರೇ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು 'ಬಗ್'. ತಮಾಷೆಗೆ ಹೇಳ್ತಿಲ್ಲ. 1978ರಲ್ಲೇ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅನ್ನೋ ಅಮೆರಿಕದ ಇಬ್ಬರು ಮಕ್ಕಳ ತಪ್ಪುಗಳನ್ನ ಹೀಗೇ 'ಬಗ್' ಅಂತ ಕರೆದು ಪ್ರಬಂಧ ಬರೆದರು. ಅವರ 'ಬಗ್ಗಿ' ಅನ್ನೋ ಪ್ರೋಗ್ರಾಂ ತಾನೇ ತಪ್ಪು ಲೆಕ್ಕ ಮಾಡೋ ಮಗುವಿನ ಹಾಗೆ ನಟಿಸ್ತಿತ್ತು. ಶಿಕ್ಷಕರಾಗಲು ಓದ್ತಿದ್ದವರು ಒಂದೊಂದೇ ಲೆಕ್ಕ ಕೊಟ್ಟು, ಅದರ ತಲೆಯಲ್ಲಿ ಯಾವ ನಿಯಮ ಕೂತಿದೆ ಅಂತ ಕಂಡುಹಿಡೀಬೇಕಿತ್ತು. ಮಾರ್ಕ್ಸ್ ಹಾಕೋ ಯಂತ್ರ ಅಲ್ಲ, ತಪ್ಪು ಓದೋದನ್ನ ಕಲಿಸೋ ಆಟ.

ನಮ್ಮಲ್ಲಿ ಆಗಿರೋದೇನು? ಎನ್‌ಸಿಇಆರ್‌ಟಿ 2017ರಲ್ಲಿ ತರಗತಿವಾರು ಕಲಿಕಾ ಫಲಗಳ ಪಟ್ಟಿ ಕೊಟ್ಟಿತು. 2021ರಲ್ಲಿ ನಿಪುಣ್ ಭಾರತ್ ಬಂತು, ಮೂರನೇ ತರಗತಿ ಮುಗಿಸೋ ಎಲ್ಲ ಮಕ್ಕಳಿಗೂ ಮೂಲ ಓದು-ಲೆಕ್ಕ ಬರಬೇಕು, ಗಡುವು 2026-27. ರಾಜ್ಯದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಸಾಲದ್ದಕ್ಕೆ 2025-26ರಲ್ಲಿ ಪಾಠ ಆಧಾರಿತ ಮೌಲ್ಯಾಂಕನ. ನಡುವೆ 5, 8, 9ನೇ ತರಗತಿಯ ಬೋರ್ಡ್ ಪರೀಕ್ಷೆ ಹೈಕೋರ್ಟು, ಸುಪ್ರೀಂ ಕೋರ್ಟು ಹತ್ತಿ, 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೇ ತಡೆ ಬಿತ್ತು. ಪ್ರಶ್ನೆಪತ್ರಿಕೆ ಯಾರು ತೆಗೀಬೇಕು ಅಂತ ಇಷ್ಟೆಲ್ಲ ಜಗಳ ಆಡಿದ ನಾವು, ಉತ್ತರ ಯಾರು ಓದ್ತಾರೆ ಅಂತ ಮಾತ್ರ ಕೇಳಲೇ ಇಲ್ಲ.

ಕಲಿಕಾ ಫಲದ ಪಟ್ಟಿ ಕೆಟ್ಟದ್ದೇನಲ್ಲ, ಓದಿ ನೋಡಿದ್ದೀನಿ. ಆದ್ರೆ ಅದು ವಾಕ್ಯ, ಅಳತೆಗೋಲಲ್ಲ. ನಾಲ್ಕನೇ ತರಗತಿಯದ್ದು: ಅರ್ಧ, ಕಾಲು, ಮುಕ್ಕಾಲನ್ನ ಚಿತ್ರದಲ್ಲೂ ವಸ್ತುಗಳ ಗುಂಪಿನಲ್ಲೂ ಗುರುತಿಸಬೇಕು ಅನ್ನೋದು ಸಾರಾಂಶ. ಒಬ್ಬ ಮೇಷ್ಟ್ರು ವೃತ್ತ ಬರೆದು ಕಾಲು ಭಾಗಕ್ಕೆ ಬಣ್ಣ ಹಚ್ಚಿಸ್ತಾರೆ. ಹಚ್ಚಿತು, ಟಿಕ್. ಇನ್ನೊಬ್ಬರು ಹನ್ನೆರಡು ಹುಣಸೆಬೀಜ ಇಟ್ಟು ಕಾಲು ಭಾಗ ತೆಗಿ ಅಂತಾರೆ, ಅದೇ ಮಗು ನಾಲ್ಕು ಬೀಜ ತೆಗೆದುಕೊಡುತ್ತೆ. ಫಲ ಸಿಕ್ಕಿತಾ ಇಲ್ಲವಾ? ಇಬ್ಬರು ಮೇಷ್ಟ್ರೂ ಪ್ರಾಮಾಣಿಕರೇ. ವಾಕ್ಯ ಒಂದೇ, ಓದಿಕೊಂಡಿದ್ದು ಎರಡು.

ಭದ್ರಾವತಿಯಲ್ಲಂತೂ ಇದಕ್ಕೆ ಇನ್ನೊಂದು ಗಂಟು ಇದೆ. ಕಬ್ಬಿಣ ಕಾರ್ಖಾನೆ, ಕಾಗದ ಕಾರ್ಖಾನೆ ಅಂತ ನಾನಾ ಕಡೆಯ ಜನ ಬಂದು ನೆಲೆಸಿದ ಊರು. ಮನೆಯಲ್ಲಿ ತಮಿಳು, ಉರ್ದು, ತೆಲುಗು, ಲಂಬಾಣಿ ಆಡೋ ಮಕ್ಕಳು ಒಂದೇ ಬೆಂಚಿನಲ್ಲಿ ಕೂರ್ತಾರೆ. "ರಾಮು ಹತ್ತಿರ 52 ಗೋಲಿ ಇವೆ. ಅದು ರಹೀಮನ ಗೋಲಿಗಳಿಗಿಂತ 14 ಹೆಚ್ಚು. ರಹೀಮನ ಹತ್ತಿರ ಎಷ್ಟು?" ಮಗು 'ಹೆಚ್ಚು' ಅನ್ನೋದನ್ನ ಹಿಡಿದು ಕೂಡಿಸಿ 66 ಬರೆಯುತ್ತೆ. ಬರದೇ ಇರೋದು ಲೆಕ್ಕವೋ, ಕನ್ನಡವೋ? ಚಿಕ್ಕಮ್ಮ ಹೇಳಿದ್ದು: "ನೋಡು ಪುಟ್ಟ, ಅದೇ ಲೆಕ್ಕನ ಗೋಲಿ ಇಟ್ಕೊಂಡು ಬಾಯಲ್ಲಿ ಕೇಳಿದ್ರೆ ಹೇಳ್ತಾವೆ. ಪತ್ರಿಕೆಲಿ ಸೊನ್ನೆ ಹಾಕ್ಬೇಕು. ನಾನೇನ್ ಹಾಕ್ಲಿ?" ಆ ಪ್ರಶ್ನೆಗೆ ಉತ್ತರ ಯಾವ ಸುತ್ತೋಲೆಯಲ್ಲೂ ಇಲ್ಲ. ಪಕ್ಕದ ಶಾಲೆ ಟೀಚರ್ ಹತ್ತಿರ ಇರಬಹುದು.

ಹಾಗಾಗಿ ನಾನು ಹೇಳೋದಿಷ್ಟು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಅನ್ನೋದು ಈಗಾಗಲೇ ಇದೆ. ಅದರಲ್ಲಿ ಒಂದು ಗಂಟೆ ಮಾಹಿತಿ ಒಪ್ಪಿಸೋದು ನಿಲ್ಲಿಸಿ, ಹತ್ತು ಉತ್ತರಪತ್ರಿಕೆ ತನ್ನಿ. ಹೆಸರು ಮುಚ್ಚಿ. ಪ್ರತಿಯೊಬ್ಬರೂ ಬೇರೆಬೇರೆಯಾಗಿ ಮೌಲ್ಯಮಾಪನ ಮಾಡಿ, ಆಮೇಲೆ ಹೋಲಿಸಿ. ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಜಗಳ ಆಡಿ. ಕೊನೆಗೆ ಆ ಕಲಿಕಾ ಫಲದ ಕೆಳಗೆ ಮೂರು ಮಾದರಿ ಉತ್ತರ ಅಂಟಿಸಿ: ಬಂದಿದೆ, ಅರ್ಧ ಬಂದಿದೆ, ಇನ್ನೂ ಬಂದಿಲ್ಲ. ಶಿವಮೊಗ್ಗದ ಡಯಟ್ ಇವನ್ನ ಒಟ್ಟುಹಾಕಿದರೆ ವರ್ಷದಲ್ಲಿ ಜಿಲ್ಲೆಗೊಂದು ಒಳ್ಳೇ ಕೈಪಿಡಿ ಆಗುತ್ತೆ.

ಇದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನ ಕೋಟೆಯಲ್ಲಿ ನಲಿ-ಕಲಿ ಶುರುವಾದಾಗ ಕಲಿಕೆಯ ಏಣಿಯನ್ನ, ಕಾರ್ಡುಗಳನ್ನ ಕೂತು ಮಾಡಿದವರು ಶಾಲೆಯ ಶಿಕ್ಷಕರೇ. ಯಾವ ಮೆಟ್ಟಿಲು ಯಾಕೆ ಅಲ್ಲಿದೆ ಅಂತ ಮಾಡಿದವರಿಗೆ ಗೊತ್ತಿರುತ್ತೆ. ಮೇಲಿಂದ ಇಳಿದು ಬಂದ ಪಟ್ಟಿಯಲ್ಲಿ ಆ 'ಯಾಕೆ' ದಾರಿಯಲ್ಲೇ ಉದುರಿಹೋಗಿರುತ್ತೆ.

"ಮೇಷ್ಟ್ರಿಗೆ ಪುರುಸೊತ್ತೆಲ್ಲಿ?" ಅಂತ ನೀವು ಕೇಳ್ತೀರಿ. ನಿಜ. ಬಿಸಿಯೂಟ, ಮೊಟ್ಟೆ, ಚುನಾವಣೆ, ಗಣತಿ... ಅದಕ್ಕೇ ಹೇಳಿದ್ದು, ಹೊಸ ಕೆಲಸ ಸೇರಿಸಬೇಡಿ, ಇರೋದರಲ್ಲಿ ಒಂದು ಗಂಟೆ ಬಿಡಿಸಿಕೊಡಿ ಅಂತ. ಇನ್ನು ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಮಾತು: ಇಂಥ ವಿಷಯ ಕೇಳಿದ ತಕ್ಷಣ "ಒಂದು ಆ್ಯಪ್ ಮಾಡಿಕೊಡೋಣ" ಅಂತ ಎದ್ದುಬಿಡ್ತೀವಲ್ಲ, ಸ್ವಲ್ಪ ತಡೀರಿ. ನಮ್ಮ ಆಫೀಸಲ್ಲಿ ನಾಲ್ಕು ಸಾಲು ಕೋಡ್ ಬದಲಿಸಿದರೂ ಇನ್ನೊಬ್ಬರು ಓದಿ ಒಪ್ಪಿದ ಮೇಲೇ ಮುಂದೆ ಹೋಗೋದು. ಆ ಓದೋ ಗಂಟೆಗೂ ಸಂಬಳ ಬರುತ್ತೆ. ಎಂಟು ವರ್ಷದ ಮಗುವಿಗೆ ಗಣಿತ ಬರುತ್ತಾ ಇಲ್ಲವಾ ಅಂತ ತೀರ್ಮಾನಿಸೋ ಟೀಚರ್ ಮಾತ್ರ ರಾತ್ರಿ ಅಡಿಗೆ ಮುಗಿಸಿ, ಒಬ್ಬರೇ ಕೂತು, ಕೆಂಪು ಪೆನ್ನು ಹಿಡಿದು ತೀರ್ಮಾನಿಸಬೇಕು.

ನಿಮ್ಮ ಮನೆಯಲ್ಲೂ ಮೇಷ್ಟ್ರು, ಟೀಚರ್ ಇದ್ದರೆ 400ರಲ್ಲಿ 125 ಕಳೆದು 325 ಬರೆದ ಹುಡುಗನಿಗೆ ಏನು ಮಾಡ್ತೀರಿ ಅಂತ ಕೇಳಿ ನೋಡಿ. ಅವರು ಹೇಳಿದ್ದನ್ನ ಇಲ್ಲಿ ಬರೀರಿ. ಬೇರೆಬೇರೆ ಉತ್ತರ ಬಂದರೆ ಇನ್ನೂ ಒಳ್ಳೇದು.