ಮಿರಗ ಕೂಡುವ ಮೊದಲು ಒಂದು ಮನವಿ

ಕಣಕುಂಬಿ, ಪಾರವಾಡ, ಚಿಗುಳೆ, ಆಮಟೆ, ಜಾಂಬೋಟಿ ಕಡೆಯ ಹಿರಿಯರಲ್ಲಿ, ಅಕ್ಕ-ತಂಗಿಯರಲ್ಲಿ, ಗೋವಾಕ್ಕೂ ಬೆಳಗಾವಿಯ ಉದ್ಯಮಬಾಗಕ್ಕೂ ದುಡಿಯಲು ಹೋಗುವ ತಮ್ಮಂದಿರಲ್ಲಿ ಕಳಕಳಿಯ ವಿನಂತಿ. ಮಿರಗ ಕೂಡಲು, ಅಂದರೆ ಮೃಗಶಿರಾ ಮಳೆ ಶುರುವಾಗಲು, ಇನ್ನು ಕೆಲವೇ ವಾರ ಉಳಿದಿದೆ. ಸೂರಿಗೆ ತಾಡಪತ್ರಿ ಕಟ್ಟಿ, ಕಟ್ಟಿಗೆ ಒಳಗೆ ಹಾಕಿ ಮಳೆಗೆ ಸಜ್ಜಾಗುವ ಈ ದಿನಗಳಲ್ಲೇ ನಮ್ಮ ಮೈಯ ಬಗ್ಗೆಯೂ ಒಂದಿಷ್ಟು ಸಜ್ಜಾಗೋಣ.

ಆರೋಗ್ಯದ ಸಂಕಲ್ಪಗಳನ್ನು ಎಲ್ಲರೂ ಜನವರಿಯಲ್ಲೋ ಯುಗಾದಿಗೋ ಮಾಡುತ್ತಾರೆ. ಬೆಳಗಾವಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ, ಕೋಟೆ ಕೆರೆಯ ದಂಡೆಯಲ್ಲಿ ಹೊಸ ಬೂಟುಗಳು ಕಾಣುವುದು ಆಗಲೇ. ಜೂನ್ ಬಂತೆಂದರೆ ಅರ್ಧ ಜನ ಮಾಯ. ಮೊದಲ ಮಳೆಗೆ ನಿಂತ ನಡಿಗೆ ದಸರೆ ಬಂದರೂ ಶುರುವಾಗುವುದಿಲ್ಲ. ಪಟ್ಟಣದಲ್ಲೇ ಹೀಗಾದರೆ, ಮಲಪ್ರಭೆ ಹುಟ್ಟುವ ನಮ್ಮೂರು ಕಣಕುಂಬಿಯ ಪಾಡೇನು? ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ನಮ್ಮದೂ ಒಂದು. ಬಿಸಿಲಿನ ದಿನಗಳನ್ನು ನಂಬಿ ಹಿಡಿದ ರೂಢಿ ಇಲ್ಲಿ ವರ್ಷ ಪೂರೈಸುವುದಿಲ್ಲ. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ: ಮಳೆಯಲ್ಲೂ ನಡೆಸಿಕೊಂಡು ಹೋಗಬಹುದಾದದ್ದನ್ನೇ ಆರಿಸಿಕೊಳ್ಳಿ, ಅದನ್ನು ಮಳೆಗಾಲದಲ್ಲೇ ಶುರುಮಾಡಿ.

ಇದಕ್ಕೊಂದು ಆಧಾರವೂ ಇದೆ. ಲಂಡನ್ನಿನ ಸಂಶೋಧಕಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಿನವೂ ಒಂದೇ ಹೊತ್ತಿಗೆ, ಒಂದೇ ಕೆಲಸದ ಬೆನ್ನಿಗೆ ಮಾಡುವ ಸಣ್ಣ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನಕ್ಕೇ ಕೂಡಿಬಂತು, ಕೆಲವರಿಗೆ 254 ದಿನ ಹಿಡಿಯುವ ಲೆಕ್ಕ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ಮಿರಗದಿಂದ ಚೌತಿಯವರೆಗೆ ಎಣಿಸಿ ನೋಡಿ, 66ಕ್ಕಿಂತ ಹೆಚ್ಚೇ ದಿನಗಳು ಸಿಗುತ್ತವೆ.

ಹೀಗೆ ಮಳೆಗಾಲದಲ್ಲಿ ಶುರುಮಾಡಬಹುದಾದವುಗಳಲ್ಲಿ ಮೊದಲನೆಯದು ಉಪ್ಪು. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಗಳಲ್ಲಿ ಏನೇನು ಕೂಡಿಡುತ್ತೇವೆ? ಹಪ್ಪಳ, ಸಂಡಿಗೆ, ಮಾವಿನ ಉಪ್ಪಿನಕಾಯಿ, ಉಪ್ಪುನೀರಿನಲ್ಲಿಟ್ಟ ಹಲಸಿನ ತೊಳೆ, ಉಪ್ಪು ಹಚ್ಚಿ ಒಣಗಿಸಿದ ಆಮಸೂಲ, ಗೋವಾ ಕಡೆಯಿಂದ ಬರುವ ಒಣಮೀನು. ಸೊಪ್ಪು ಕಾಯಿಪಲ್ಲೆ ಸಿಗದ ದಿನಗಳಿಗೆ ನಮ್ಮ ಅಜ್ಜಿಯರು ಮಾಡಿಟ್ಟ ವ್ಯವಸ್ಥೆ ಇದು, ಬುದ್ಧಿವಂತಿಕೆಯದ್ದೇ. ಆದರೆ ಅವರು ಆ ಉಪ್ಪನ್ನು ದಿನವಿಡೀ ಬೆವರಿ ಕಳೆಯುತ್ತಿದ್ದರು. ನಾವು ಬೈಕಿನ ಮೇಲೆ ಹೋಗಿ, ಅಂಗಡಿಯಲ್ಲಿ ಕುಳಿತು, ಅದೇ ಪ್ರಮಾಣ ತಿನ್ನುತ್ತಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪಿನೊಳಗೇ ಇರಬೇಕು, ಅಂದರೆ ಒಂದು ಸಣ್ಣ ಚಮಚ. ಮನೆಯಲ್ಲಿ ಐದು ಜನ ದೊಡ್ಡವರಿದ್ದರೆ ದಿನಕ್ಕೆ 25 ಗ್ರಾಂ, ಒಂದು ಕಿಲೋ ಪಾಕೀಟು 40 ದಿನ ಬರಬೇಕು. ಉಪ್ಪಿನಕಾಯಿಗೆ ಹಾಕಿದ್ದೂ ಇದರಲ್ಲೇ ಲೆಕ್ಕ.

ಪಾಕೀಟು ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ, ಸಾಕು. ಮೂರು ವಾರಕ್ಕೇ ಮುಗಿದುಹೋದರೆ ಯಾರೂ ಬಯ್ಯಬೇಕಿಲ್ಲ, ಪಾಕೀಟೇ ಹೇಳುತ್ತದೆ. ಒಣಮೀನನ್ನು ಎರಡು ಸಲ ನೀರಲ್ಲಿ ನೆನೆಸಿ ಆ ನೀರು ಚೆಲ್ಲಿ. ಊಟಕ್ಕೆ ಹಪ್ಪಳ ಇದ್ದ ದಿನ ಉಪ್ಪಿನಕಾಯಿ ಬೇಡ. ಅತ್ತೆ ಒಬ್ಬರಿಗೆ ಬಿಪಿ ಇದೆಯೆಂದು ಅವರ ತಾಟಿಗಷ್ಟೇ ಸಪ್ಪೆ ಸಾರು ಬಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಹಾಗೆ ಒಬ್ಬರನ್ನೇ ಬೇರೆ ಮಾಡಿದ ಪಥ್ಯ ಎಂದೂ ಉಳಿಯುವುದಿಲ್ಲ. ಇಡೀ ಮನೆಯ ಸಾರಿನಲ್ಲೇ ವಾರಕ್ಕಿಷ್ಟು ಕಡಿಮೆ ಮಾಡುತ್ತ ಬಂದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಮುಂಜಾನೆ ಚಹಾದ ಜತೆ ಬಿಸ್ಕೀಟಿನ ಬದಲು ನಾಚಣಿ ಅಂಬಲಿಗೆ ಮರಳಿದರೆ ಇನ್ನೂ ಒಳ್ಳೆಯದು. ನಾಚಣಿ ನಮ್ಮ ಗುಡ್ಡದ ಇಳಿಜಾರಿನಲ್ಲೇ ಬೆಳೆಯುತ್ತದಲ್ಲ.

ಎರಡನೆಯದು ನಡಿಗೆಯ ಮಾತು. ನಾಟಿ ಮಾಡುವವರಿಗೆ ಯಾರೂ ವ್ಯಾಯಾಮ ಕಲಿಸಬೇಕಿಲ್ಲ. ನಾನು ಹೇಳುತ್ತಿರುವುದು ಅಂಗಡಿಯವರಿಗೆ, ಡ್ರೈವರುಗಳಿಗೆ, ಶಿಕ್ಷಕರಿಗೆ, ಗದ್ದೆ ಬಿಟ್ಟ ವಯಸ್ಸಾದವರಿಗೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು. ಕೊಡೆ ತಿರುಗಿ ಹೋಗುವ ಗಾಳಿಯಲ್ಲಿ ರಸ್ತೆಯ ಮೇಲೆ ಆಗುವ ಕೆಲಸವಲ್ಲ ಅದು. ದೇವಸ್ಥಾನದ ಸಭಾಮಂಟಪ, ಶಾಲೆಯ ಪಡಸಾಲೆ, ಸಮುದಾಯ ಭವನ ಮುಂಜಾನೆ ಖಾಲಿ ಇರುತ್ತವೆ. ಬೀಗದ ಕೈ ಒಬ್ಬರ ಬಳಿ ಇರಲಿ. ನಾಲ್ಕು ಜನ ಕೂಡಿದರೆ ಐದನೆಯವರು ತಾವೇ ಬರುತ್ತಾರೆ.

ಇನ್ನು ಕುಡಿತ. ಗೋವಾದಲ್ಲಿ ಸೋವಿ, ನಮ್ಮೂರ ಚೆಕ್‌ಪೋಸ್ಟಿನಲ್ಲಿ ಹಿಡಿದದ್ದೆಷ್ಟೋ, ದಾಟಿದ್ದೆಷ್ಟೋ. "ಚಳಿಗೆ ಒಂಚೂರು" ಎನ್ನುವ ಮಾತು ಮಳೆಗಾಲದಲ್ಲಿ ಮನೆಮನೆಗೂ ಬರುತ್ತದೆ. ಸೆರೆ ಒಳಗೆ ಹೋದಾಗ ಚರ್ಮದ ರಕ್ತನಾಳಗಳು ಹಿಗ್ಗಿ ಬೆಚ್ಚಗೆನಿಸುತ್ತದೆ, ನಿಜ. ಆದರೆ ಅದೇ ಹೊತ್ತಿಗೆ ಮೈಯ ಕಾವು ಹೊರಗೆ ಸೋರಿಹೋಗುತ್ತಿರುತ್ತದೆ. ತಮ್ಮಂದಿರೇ, ಚಳಿಗೆ ಕಂಬಳಿ ಇದೆ, ಒಲೆ ಇದೆ. ತಂಬಾಕನ್ನೂ ಬಿಡಬೇಕೆನ್ನುವವರು ಅದರ ಪಾಕೀಟಿನ ಮೇಲೇ ಅಚ್ಚಾಗಿರುವ 1800-11-2356ಕ್ಕೆ ಫೋನ್ ಮಾಡಿ, ಉಚಿತ.

ಕೊನೆಯದು ಗುಳಿಗೆ, ಎಲ್ಲಕ್ಕಿಂತ ತುರ್ತಿನದು. ಭೀಮಗಡ ಕಾಡಿನೊಳಗಿನ ಆಮಗಾಂವದಂಥ ಊರುಗಳಲ್ಲಿ ಮಳೆಗಾಲದಲ್ಲಿ ಎದೆನೋವು ಬಂದವರನ್ನು ಹೆಗಲ ಮೇಲೆ ಹೊತ್ತು, ತುಂಬಿದ ಹಳ್ಳ ದಾಟಿಸಿ ರಸ್ತೆಗೆ ತರಬೇಕಾಗುತ್ತದೆ. ರಸ್ತೆ, ಸೇತುವೆ ಕೇಳುವುದನ್ನು ನಾವು ಬಿಡಬಾರದು. ಅದು ಆಗುವವರೆಗೆ ಬಿಪಿ, ಸಕ್ಕರೆ ಹತೋಟಿಯಲ್ಲಿಡುವುದು ನಮ್ಮ ಕೈಯಲ್ಲಿದೆ. "ಈಗ ಆರಾಮ ಅದೀನಿ" ಎಂದು ಗುಳಿಗೆ ನಿಲ್ಲಿಸಬೇಡಿ, ಆರಾಮ ಇರುವುದು ಗುಳಿಗೆಯಿಂದಲೇ. ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯಲ್ಲಿ 30 ದಾಟಿದವರಿಗೆ ಮನೆಬಾಗಿಲಲ್ಲೇ ತಪಾಸಣೆ ಇದೆ. ನಿಮ್ಮ ಆಶಾ ಅಕ್ಕನನ್ನು ಕೇಳಿ.

ಪಂಚಾಯತಿಯ ಸದಸ್ಯರಲ್ಲಿ ನೇರವಾಗಿ ಕೇಳುತ್ತೇನೆ: ಮುಂದಿನ ಗ್ರಾಮಸಭೆಯಲ್ಲಿ ಗಟಾರು, ಬೀದಿದೀಪದ ಜತೆ ಆರೋಗ್ಯದ ಈ ಮಾತನ್ನೂ ಚರ್ಚೆಗೆ ತನ್ನಿ. ಮಿರಗದೊಳಗೆ ಪ್ರತಿ ಗಲ್ಲಿಯಲ್ಲೂ ಒಮ್ಮೆ ಬಿಪಿ, ಸಕ್ಕರೆ ನೋಡಿಸಿ. ಗುಳಿಗೆ ತೆಗೆದುಕೊಳ್ಳುವವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯಿಂದ ಮಾಡಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸಿ. ಹಳ್ಳ ತುಂಬಿದರೆ ದಾರಿ ಕಡಿದುಹೋಗುವ ಊರಿನವರಿಗೆ ಒಂದಲ್ಲ, ಎರಡು ತಿಂಗಳ ಗುಳಿಗೆ ಮೊದಲೇ ಕೊಡುವಂತೆ ವೈದ್ಯಾಧಿಕಾರಿಗಳನ್ನು ಒಪ್ಪಿಸಿ.