ಲೇತನ್ನ ತಕ್ಕಡಿಗೆ ಹಾಕಬೇಡಿ ಸ್ವಾಮಿ

ಹವ್ಯಾಸಕ್ಕೆ ಅಂತ ಒಂದು ಚಿಕ್ಕ ಲೇತ್ ತಗೋಬೇಕು ಅಂತ ಬಾಯಿಬಿಟ್ಟರೆ ಸಾಕು, ಬೆಂಗಳೂರಿನಲ್ಲಿ ಸಿಗೋ ಸಲಹೆ ಒಂದೇ. "ಆನ್‌ಲೈನಲ್ಲಿ ಮಿನಿ ಲೇತ್ ಬರುತ್ತೆ, ಮೇಜಿನ ಮೇಲೆ ಇಟ್ಕೋ. ಹಳೇದೆಲ್ಲ ಗುಜರಿ, ಅದರ ಸಹವಾಸ ಬೇಡ." ನನ್ನ ಆಫೀಸಿನಲ್ಲೇ ಮೂರು ಜನ ಹೀಗಂದರು. ಮೂವರೂ ಮೆಕ್ಯಾನಿಕಲ್ ಓದಿ ಜಾವಾ ಬರೆಯೋರು. ಲೇತ್ ಕೊಂಡವರು ಮೂವರಲ್ಲಿ ಒಬ್ಬರೂ ಇಲ್ಲ! ಈ ಸಲಹೆ ತಪ್ಪು ಅಂತ ಹೇಳೋಕೇ ಇದನ್ನ ಬರೀತಿದ್ದೀನಿ. ನಮ್ಮ ದಾವಣಗೆರೆ ಜಿಲ್ಲೆಯವರು ಇದನ್ನ ಕೇಳಿ ತಲೆ ಆಡಿಸಿದರೆ ಅದು ಬರೀ ತಪ್ಪಲ್ಲ, ನಾಚಿಕೆಗೇಡು.

ಯಾಕೆ ಅಂತೀರಾ? ಹರಿಹರ ಯಾವ ಜಿಲ್ಲೆಯಲ್ಲಿದೆ ಹೇಳಿ. ಮೈಸೂರು ಕಿರ್ಲೋಸ್ಕರ್ ಅಲ್ಲಿ ಶುರುವಾಗಿದ್ದು 1941ರಲ್ಲಿ. ಬೆಂಗಳೂರಿನ ಎಚ್‌ಎಂಟಿ ಹುಟ್ಟಿದ್ದೇ 1953ರಲ್ಲಿ, ಅಂದರೆ ಹನ್ನೆರಡು ವರ್ಷ ಆಮೇಲೆ. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಅಂತ ಹೆಸರು ಹೊತ್ತ ಲೇತ್‌ಗಳು ಹರಿಹರದಿಂದ ದೇಶದ ಮೂಲೆಮೂಲೆಗೆ ಹೋದವು. ಈ ಶತಮಾನದ ಶುರುವಿನಲ್ಲೇ ಆ ಕಾರ್ಖಾನೆಯ ಬಾಗಿಲು ಮುಚ್ಚಿತು, ಅದು ಬೇರೆ ಕಥೆ, ಇರಲಿ ಬಿಡಿ. ಆದರೆ ಕಾರ್ಖಾನೆ ಮುಚ್ಚಿದ ಮಾತ್ರಕ್ಕೆ ಲೇತ್ ಸಾಯಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಯಾವ ಊರಿಗೆ ಬೇಕಾದರೂ ಹೋಗಿ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಆಚೆ ತಗಡಿನ ಶೆಡ್ಡಿನಲ್ಲಿ ಒಂದು ಹಳೇ ಲೇತ್ ತಿರುಗ್ತಾ ಇರುತ್ತೆ. ಕೆಲವು ಹರಿಹರದವು, ಕೆಲವು ರಾಜಕೋಟ್, ಬಟಾಲಾ, ಲುಧಿಯಾನದ ಬೆಲ್ಟ್ ಓಡೋ ಲೇತ್‌ಗಳು. ಅಡಿಕೆ ಸುಲಿಯೋ ಮಷಿನ್ನಿನ ಶಾಫ್ಟು, ಮೆಕ್ಕೆಜೋಳ ಬಿಡಿಸೋ ಯಂತ್ರದ ಪುಲ್ಲಿ, ಟ್ರ್ಯಾಲಿ ಪಿನ್ನು, ಬೋರ್‌ವೆಲ್ ಪಂಪಿನ ಬುಷ್ಷು, ಎಲ್ಲ ಅಲ್ಲೇ ಆಗೋದು.

ಈ ಶೆಡ್ಡುಗಳು ಒಂದೊಂದಾಗಿ ಮುಚ್ಚುತ್ತಿವೆ. ಮೇಸ್ತ್ರಿಗೆ ವಯಸ್ಸಾಯ್ತು, ಮಗ ಬೆಂಗಳೂರು ಸೇರಿದ. ಆಗ ಬರೋದು ಗುಜರಿಯವನು, ತಕ್ಕಡಿ ಹಿಡ್ಕೊಂಡು. ಕಳೆದ ವರ್ಷ ಹೊನ್ನಾಳಿಯಲ್ಲಿ ನಾನು ನೋಡಿದ್ದು ಇದೇ. ನಾಲ್ಕೂವರೆ ಅಡಿ ಬೆಡ್ಡಿನ ಲೇತ್, ಅರ್ಧ ಟನ್ನಿನ ಹತ್ತಿರ ತೂಕ. ಕೆ.ಜಿ.ಗೆ ಮೂವತ್ತೈದು ರೂಪಾಯಿ ಅಂತ ಲೆಕ್ಕ ಹಾಕಿ ಹದಿನೇಳು ಸಾವಿರ ಅಂದಿದ್ದ. ನಾನು ನಲವತ್ತು ಸಾವಿರ ಕೊಟ್ಟು ತಂದು ನ್ಯಾಮತಿಯ ನಮ್ಮ ಮನೆ ಹಿಂದಿನ ಕೊಟ್ಟಿಗೆಯಲ್ಲಿ ಇಳಿಸಿದೆ. "ಸಾಫ್ಟ್‌ವೇರ್ ದುಡ್ಡು, ಹೆಂಗ್ ಬೇಕಾದ್ರೂ ಹಾರಿಸ್ತಾನೆ" ಅಂತ ಊರಲ್ಲಿ ಮಾತಾಯ್ತು. ಆಗಲಿ. ಆಯುಧಪೂಜೆಗೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯೋ ಯಂತ್ರವನ್ನ ಮುಂದಿನ ವಾರವೇ ಕಬ್ಬಿಣದ ಭಾವಕ್ಕೆ ತೂಗೋದು ನಮಗೆ ಸರಿ, ಆದರೆ ಅದಕ್ಕೊಂದು ಬೆಲೆ ಕೊಟ್ಟವನು ಹುಚ್ಚ!

ಈಗ ಮಿನಿ ಲೇತ್ ವಿಷಯ. ಏಳು ಇಂಚು ಸ್ವಿಂಗ್, ಹದಿನಾಲ್ಕು ಇಂಚು ಉದ್ದದ ಚೀನಾ ಮಾಲು, ನಲವತ್ತು ಕೆ.ಜಿ. ಆಸುಪಾಸು ತೂಗುತ್ತೆ. ಒಳಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಗೇರು, ಡಿಸಿ ಮೋಟರು, ಅದಕ್ಕೊಂದು ಎಲೆಕ್ಟ್ರಾನಿಕ್ ಬೋರ್ಡು. ಪ್ಲಾಸ್ಟಿಕ್ ಗೇರನ್ನ ನಾನು ಬೈಯಲ್ಲ. ಟೂಲ್ ಸಿಕ್ಕಿಕೊಂಡಾಗ ಅದು ಫ್ಯೂಸಿನ ಥರ ಮುರಿದು ಮಿಕ್ಕಿದ್ದನ್ನ ಉಳಿಸುತ್ತೆ, ಕಬ್ಬಿಣದ ಗೇರ್ ಹಾಕಿದರೆ ಮುರಿಯೋದು ಇನ್ನೇನೋ. ನನ್ನ ತಕರಾರು ತೂಕದ ಬಗ್ಗೆ. ಲೇತಿಗೆ ತೂಕವೇ ಗುಣ. ಎರಕದ ಕಬ್ಬಿಣ ಎಷ್ಟು ದಪ್ಪವೋ ಅಷ್ಟು ನಡುಕ ಕಮ್ಮಿ. ಒಂದೂವರೆ ಇಂಚಿನ ಎಂಎಸ್ ರಾಡನ್ನ ಪಾರ್ಟಿಂಗ್ ಟೂಲಿನಲ್ಲಿ ಕತ್ತರಿಸಿ ನೋಡಿ, ಚಿಕ್ಕದು ಕಿರುಚೋಕೆ ಶುರುಮಾಡುತ್ತೆ. ಮತ್ತೆ ಬೆಲೆ? ನಾನು ವಿಚಾರಿಸಿದಾಗ ಮುಕ್ಕಾಲು ಲಕ್ಷ ಹೇಳಿದರು.

ಜಗಳೂರಿನ ಗೆಳೆಯನೊಬ್ಬ ಅದನ್ನೇ ತರಿಸಿದ. ಮಳೆ ಕಮ್ಮಿಯ ಸೀಮೆ, ಬೋರ್‌ವೆಲ್ಲೇ ದಿಕ್ಕು. ಪಂಪಿನ ಬುಷ್ ತಾನೇ ಮಾಡ್ಕೊಂಡು ಅಕ್ಕಪಕ್ಕದವರಿಗೂ ಮಾಡಿಕೊಡೋ ಆಸೆ ಅವನಿಗೆ. ವೋಲ್ಟೇಜ್ ಏರಿಳಿತಕ್ಕೆ ನಾಲ್ಕನೇ ತಿಂಗಳು ಬೋರ್ಡ್ ಸುಟ್ಟಿತು. ಮಾರಿದವರು "ಬೋರ್ಡ್ ರಿಪೇರಿ ಇಲ್ಲ ಸಾರ್, ಹೊಸದು ಬರಬೇಕು" ಅಂದರು. ಎರಡು ತಿಂಗಳು ಆ ಯಂತ್ರ ಮೇಜಿನ ಮೇಲೆ ದೇವರ ಥರ ಕೂತಿತ್ತು. ಅಷ್ಟೊತ್ತಿಗೆ ಜಗಳೂರಿನಲ್ಲಿ ಅವನಿಗೆ ಗೊತ್ತಿದ್ದ ಲೇತ್ ಶೆಡ್ಡೂ ಬಾಗಿಲು ಹಾಕಿತ್ತು. ಸಣ್ಣ ಒಂದು ಬುಷ್ಷಿಗೆ ದಾವಣಗೆರೆಗೆ ಹೋಗಿಬರೋದು, ಅಲ್ಲಿ ಸರದಿ ಕಾಯೋದು. ತೋಟಕ್ಕೆ ನೀರಿಲ್ಲದ ಎರಡು ದಿನ ಅಂದರೆ ಏನು ಅಂತ ಬೆಂಗಳೂರಿನ ಸಲಹೆಗಾರರಿಗೆ ಗೊತ್ತಾ?

ಮೂರನೇ ಮಹಡಿಯ ಫ್ಲಾಟಿನಲ್ಲಿ ಇರೋರು ಮಿನಿ ಲೇತೇ ತಗೊಳ್ಳಿ, ನನ್ನದೇನೂ ಅಭ್ಯಂತರ ಇಲ್ಲ. ಅರ್ಧ ಟನ್ನನ್ನ ಲಿಫ್ಟಿನಲ್ಲಿ ಒಯ್ಯೋಕಾಗಲ್ಲ. ಆದರೆ ಊರಲ್ಲಿ ಕೊಟ್ಟಿಗೆ ಇರೋರು, ಅಂಗಳ ಇರೋರು ಯಾಕೆ ತಗೋಬೇಕು? ಇಂಗ್ಲೆಂಡಿನಲ್ಲಿ 1946ರಲ್ಲಿ ಬಂದ ಮೈಫರ್ಡ್ ಎಂಎಲ್7 ಅನ್ನೋ ಚಿಕ್ಕ ಲೇತನ್ನ ಅಲ್ಲಿಯ ಹವ್ಯಾಸಿಗಳು ಇವತ್ತಿಗೂ ಹುಡುಕಿ ಹುಡುಕಿ ಕೊಂಡು ರಿಪೇರಿ ಮಾಡ್ತಾರೆ. ನಾವು ಗುಜರಿ ಅಂತೀವಿ.

"ಹಳೇದು ಸವೆದಿರುತ್ತೆ" ಅನ್ನೋ ಮಾತು ನಿಜ. ಅದಕ್ಕೇ ನೋಡಿ ಕೊಳ್ಳಬೇಕು. ಬಣ್ಣ ನೋಡಬೇಡಿ. ಕ್ಯಾರೇಜನ್ನ ಚಕ್ಕಿನ ಹತ್ತಿರ ತಂದು ಅದರ ಲಾಕ್ ಬೋಲ್ಟನ್ನ ಸ್ವಲ್ಪವೇ ಬಿಗಿ ಮಾಡಿ, ಕೈಚಕ್ರ ತಿರುಗಬೇಕು ಆದರೆ ಬಿಗಿ ಗೊತ್ತಾಗಬೇಕು. ಹಾಗೇ ಟೇಲ್‌ಸ್ಟಾಕ್ ಕಡೆಗೆ ಓಡಿಸಿ. ಹೋಗ್ತಾ ಹೋಗ್ತಾ ಕಚ್ಚಿ ನಿಂತರೆ ಚಕ್ಕಿನ ಕಡೆ ಬೆಡ್ ಸವೆದಿದೆ ಅಂತ ಅರ್ಥ. ಆಮೇಲೆ ಚಕ್ಕಿಗೆ ಒಂದು ದಪ್ಪ ಸರಳು ಕಚ್ಚಿಸಿ, ಚಕ್ಕಿನ ಪಕ್ಕದಲ್ಲೇ ಡಯಲ್ ಗೇಜ್ ಇಟ್ಟು, ಸರಳಿನ ತುದಿ ಹಿಡಿದು ಮೇಲೆತ್ತಿ. ಮುಳ್ಳು ಎರಡು ಮೂರು ಗೆರೆ ಆಡಿದರೆ ಪರವಾಗಿಲ್ಲ, ಹದಿನೈದು ಇಪ್ಪತ್ತು ಗೆರೆ ಆಡಿದರೆ ಬೇರಿಂಗ್ ಅಥವಾ ಬುಷ್ಷಿನ ಖರ್ಚು ಸೇರಿಸಿಕೊಂಡು ಚೌಕಾಸಿ ಮಾಡಿ. ಚಕ್ ಸವೆದಿದ್ದರೆ ಹೊಸದು ಸಿಗುತ್ತೆ, ಬೆಡ್ ಸವೆದಿದ್ದರೆ ಅದನ್ನ ಗ್ರೈಂಡ್ ಮಾಡಿಸೋಕೆ ಪೀಣ್ಯದ ಕಡೆ ಹೊರಬೇಕು. ನಾಲ್ಕು ಊರಲ್ಲಿ ಐದು ಲೇತ್ ನೋಡಿದೆ. ಎರಡನ್ನ ಈ ಕಾರಣಕ್ಕೇ ಬಿಟ್ಟು ಬಂದೆ.

ಎಲ್ಲಕ್ಕಿಂತ ಮುಖ್ಯ, ಗೇರ್ ಎಣಿಸಿ! ಹಳೇ ಲೇತ್‌ಗಳ ಲೀಡ್ ಸ್ಕ್ರೂ ಬಹಳಷ್ಟು ಇಂಚಿನ ಲೆಕ್ಕದ್ದು. ಅದರಲ್ಲಿ ಮಿಲಿಮೀಟರ್ ಥ್ರೆಡ್ ಕರಾರುವಾಕ್ಕಾಗಿ ತೆಗೀಬೇಕು ಅಂದರೆ 127 ಹಲ್ಲಿನ ಗೇರ್ ಬೇಕು. ಒಂದು ಇಂಚು 25.4 ಮಿ.ಮೀ., ಐದು ಇಂಚು ಸರಿಯಾಗಿ 127. ಇದು ಅವಿಭಾಜ್ಯ ಸಂಖ್ಯೆ, ಹಾಗಾಗಿ ಸಣ್ಣ ಗೇರ್‌ಗಳನ್ನ ಜೋಡಿಸಿ ಇದನ್ನ ಹುಟ್ಟಿಸೋಕಾಗಲ್ಲ. (63 ಹಲ್ಲಿನದು ಹಾಕಿ ಹತ್ತಿರ ಹತ್ತಿರ ಬರಬಹುದು, ಗಿಡ್ಡ ಬೋಲ್ಟಿಗೆ ಸಾಕು.) ಗುಜರಿಯಲ್ಲಿ ಮೊದಲು ಹೋಗೋದೇ ಈ ಗೇರು. ಎಲ್ಲಕ್ಕಿಂತ ದೊಡ್ಡದು, ಬಿಡಿಯಾಗಿ ಇರುತ್ತೆ, ತೂಕಕ್ಕೆ ಚೆನ್ನಾಗಿ ಬರುತ್ತೆ!

ಇನ್ನು ಸಾಮಾನು. ಲೇತಿಗೆ ಕೊಟ್ಟಷ್ಟೇ ದುಡ್ಡು ಅದರ ಮೇಲೂ ಬೀಳುತ್ತೆ ಅಂತ ಯಾರೂ ಹೇಳಲ್ಲ. ನಾಲ್ಕು ಜಾ ಚಕ್, ತಿರುಗೋ ಸೆಂಟರ್, ಡ್ರಿಲ್ ಚಕ್, ಡಯಲ್ ಗೇಜ್, ಬೆಂಚ್ ಗ್ರೈಂಡರ್. ಕಾರ್ಬೈಡ್ ಇನ್ಸರ್ಟಿಗೆ ಮರುಳಾಗಬೇಡಿ, ನಿಧಾನ ತಿರುಗೋ ಹಳೇ ಲೇತಿಗೆ ಮಿರಾಂಡಾದಂಥ ಎಚ್‌ಎಸ್‌ಎಸ್ ಟೂಲ್ ಬಿಟ್ ತಂದು ಕೈಯಲ್ಲೇ ಸಾಣೆ ಹಿಡಿದರೆ ಸಾಕು. ಮನೆಯಲ್ಲಿ ತ್ರೀ ಫೇಸ್ ಇಲ್ಲ ಅನ್ನೋದೂ ನೆಪ. ಒಂದು ಎಚ್‌ಪಿ ಮೋಟರಿನ ಆರೂ ವೈರ್ ಹೊರಗೆ ಬಂದಿದ್ದು, ಪ್ಲೇಟಿನ ಮೇಲೆ ಡೆಲ್ಟಾಗೆ 230 ವೋಲ್ಟ್ ಅಂತ ಇದ್ದರೆ, ಸ್ಟಾರ್ ಬಿಚ್ಚಿ ಡೆಲ್ಟಾ ಮಾಡಿ ಸಿಂಗಲ್ ಫೇಸಿನ ವಿಎಫ್‌ಡಿ ಹಾಕಿದರೆ ಓಡುತ್ತೆ. ಇದನ್ನ ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ರಿಪೇರಿಗೆ ನಾನು ಹೋಗಿದ್ದು ಲೇತ್ ಮಾರಿದ ಮೇಸ್ತ್ರಿ ಹತ್ತಿರವೇ. ಇಡೀ ಲೇತ್ ಬಿಚ್ಚಿ ಬಣ್ಣ ಹೊಡೀಬೇಕು ಅಂತಿದ್ದೆ. "ಬಿಚ್ಚಬ್ಯಾಡ ತಮ್ಮಾ. ಮೊದ್ಲು ತೊಳಿ, ಎಣ್ಣಿ ಹಾಕು, ಓಡ್ಸು. ಅದೇನ್ ಹೇಳ್ತತಿ ಕೇಳು" ಅಂದರು. ಕೇಳಿದೆ. ಕ್ರಾಸ್ ಸ್ಲೈಡಿನ ಹಿಡಿ ಮುಕ್ಕಾಲು ಸುತ್ತು ಸುಮ್ಮನೆ ತಿರುಗ್ತಿತ್ತು, ಒಳಗಿನ ನಟ್ ಸವೆದಿತ್ತು. ಅವರೇ ಬಂದು ನ್ಯಾಮತಿಯ ಇನ್ನೊಂದು ಶೆಡ್ಡಿನಲ್ಲಿ ಗನ್ ಮೆಟಲ್ಲಿನ ಹೊಸ ನಟ್ ಮಾಡಿದರು, ಒಳಗೆ ಎಡಗೈ ಚೌಕ ಥ್ರೆಡ್ಡು, ಡ್ರಾಯಿಂಗೂ ಇಲ್ಲ ಏನೂ ಇಲ್ಲ. ಕೂಲಿ ಎಂಟು ನೂರು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಲ್ಯಾಬಿನಲ್ಲಿ ಲೇತ್ ಮುಟ್ಟೋಕೆ ಸಿಕ್ಕಿದ್ದು ಎರಡೇ ಸಲ, ಮಿಕ್ಕಿದ್ದು ರೆಕಾರ್ಡ್ ಬುಕ್ ಬರೆಯೋದು. ಈ ಮನುಷ್ಯನ ಕೈಕಸುಬನ್ನ ಯಾವ ವಿಡಿಯೋ ನೋಡಿ ಕಲೀತೀರಿ? ಲೇತ್ ಗುಜರಿಗೆ ಹೋದರೆ ಅವರು ಮನೆಯ ಜಗಲಿ ಮೇಲೆ ಕೂರ್ತಾರೆ. ಲೇತ್ ಊರಲ್ಲಿ ಉಳಿದರೆ ಶನಿವಾರ ಬೈಕ್ ಕಳಿಸಿ ಕರೀಬಹುದು.

ಅಂದಹಾಗೆ ಚನ್ನಗಿರಿಯಲ್ಲಿ ಇನ್ನೊಂದು ಆರಡಿ ಲೇತ್ ಮಾರಾಟಕ್ಕಿದೆ. ನನಗೆ ಜಾಗ ಇಲ್ಲ. ಬೆಡ್ ನೋಡಿ ಬಂದಿದ್ದೀನಿ, ಚೆನ್ನಾಗಿದೆ. ಸ್ಪಿಂಡಲ್ ಸ್ವಲ್ಪ ಆಡುತ್ತೆ, ಮೂರು ಜಾ ಚಕ್ಕಿನ ಬಾಯಿ ಸವೆದಿದೆ. ಗುಜರಿಯವನು ಒಂದು ಸಲ ಬಂದು ಹೋಗಿದ್ದಾನಂತೆ, ದಸರಾ ಕಳೆದ ಮೇಲೆ ಮತ್ತೆ ಬರ್ತಾನಂತೆ. ಹೋಗೋರು ಬೇಗ ಹೋಗಿ. 127ರ ಗೇರ್ ಲೇತಿನ ಜೊತೆ ಇಲ್ಲ, ಮಾಲೀಕರ ಮನೆ ಅಟ್ಟದ ಮೇಲಿದೆ, ಕೇಳಿ ಇಸ್ಕೊಳ್ಳಿ.